ಏಟು ತಿಂದವನು ಏಟು ಕೊಟ್ಟರೆ ತಪ್ಪು ಯಾರದು?

ನಾನು ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ ಮೂವತ್ತೆರಡು ವರ್ಷ ಗಣಿತ ಪಾಠ ಮಾಡಿ ರಿಟೈರ್ ಆದವನು. ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು, ಮೈಸೂರು ಪೇಟ ಇಡಿಸಿಕೊಂಡು ಮೈಕಿನ ಮುಂದೆ ನಿಂತಾಗ ಏನಾಯಿತೋ ಏನೋ, ಬರೆದುಕೊಂಡು ಹೋಗಿದ್ದ ಭಾಷಣ ಬಿಟ್ಟು, "ನಾನು ತುಂಬಾ ಮಕ್ಕಳಿಗೆ ಹೊಡೆದಿದ್ದೇನೆ, ಅದು ತಪ್ಪು" ಅಂದುಬಿಟ್ಟೆ. ಎಲ್ಲರೂ ಮುಜುಗರದಿಂದ ನಕ್ಕರು. ಹೆಡ್ ಮಾಸ್ಟರು ಬೇಗ ಬೇಗ ಚಪ್ಪಾಳೆ ತಟ್ಟಿದರು. ಆಮೇಲೆ ಅದನ್ನೇ ಒಂದು ಸಲ ಬರೆದೆ. ಅಲ್ಲಿಂದ ಈ ಪ್ರಶ್ನೆ ನನ್ನ ಬೆನ್ನು ಹತ್ತಿದೆ.

ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ವಾಕಿಂಗ್ ಮಾಡುವಾಗ ಕೇಳುತ್ತಾರೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳುತ್ತಾರೆ, ಫೋನ್ ಮಾಡಿ ಕೇಳುತ್ತಾರೆ. ಚಿಕ್ಕಂದಿನಲ್ಲಿ ಹೊಡೆತ ತಿಂದು, ಕಷ್ಟಪಟ್ಟು ಬೆಳೆದವರು ದೊಡ್ಡವರಾದ ಮೇಲೆ ಕೆಟ್ಟದಾಗಿ ನಡೆದುಕೊಂಡರೆ ಅವರನ್ನು ಬೈಯುವುದು ಸರಿಯಾ? ಅದು ಅವರ ತಪ್ಪಾ? ಪ್ರಶ್ನೆ ಇದೇ. ಆದರೆ ಕೇಳುವವರು ಬೇರೆ ಬೇರೆ. ಒಬ್ಬ ತಾಯಿ ಕೇಳಿದರು: "ನನ್ನ ಮಗ ಹೆಂಡತಿ ಮೇಲೆ ಕೈ ಮಾಡ್ತಾನೆ, ಇಲ್ಲ ಅನ್ನಲ್ಲ. ಆದರೆ ಅವರಪ್ಪ ಅವನಿಗೆ ಕೊಟ್ಟ ಕಾಟ ನಿಮಗೆ ಗೊತ್ತಿಲ್ಲ ಮೇಷ್ಟ್ರೇ." ಅಂಥದ್ದೇ ಮನೆಯ ಒಬ್ಬ ಸೊಸೆ ಕೇಳಿದಳು: "ಅವರಿಗೆ ಚಿಕ್ಕಂದಿನಲ್ಲಿ ಹಾಗಾಗಿತ್ತು ಅಂತ ನಾನು ತಡ್ಕೋಬೇಕಾ ಸರ್?" ಹಾಸನಾಂಬೆ ಬಾಗಿಲು ತೆಗೆದಾಗ ಬೆಂಗಳೂರಿನಿಂದ ಊರಿಗೆ ಬಂದಿದ್ದ ನನ್ನ ಹಳೇ ವಿದ್ಯಾರ್ಥಿಯೊಬ್ಬ, ಸಾಫ್ಟ್‌ವೇರ್ ಹುಡುಗ, ಮನೆಗೆ ಬಂದು ಕಾಫಿ ಕುಡಿದು, ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದ. ಅವನ ಪ್ರಶ್ನೆ ಅವನ ಬಗ್ಗೆಯೇ. ಮೂರು ವರ್ಷದ ಮಗಳಿಗೆ ಹೊಡೆದಿದ್ದನಂತೆ.

ಉತ್ತರದ ಮೊದಲ ಅರ್ಧ ಸುಲಭ. ಬಾಲ್ಯ ಕಾರಣ ಆಗಬಹುದು, ಆದರೆ ಮಾಫಿ ಕೊಡಿಸುವುದಿಲ್ಲ. ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ, ವಾಟ್ಸಾಪ್‌ನಲ್ಲಿ ಸೂರ್ಯೋದಯದ ಫೋಟೋ ಜೊತೆ ಬರುವಂಥ ಮಾತು. ಇನ್ನರ್ಧ ಹೇಳಬೇಕಾದರೆ ನಮ್ಮಪ್ಪನ ಕೊಡೆಯಿಂದ ಶುರು ಮಾಡಬೇಕು.

ಅಪ್ಪ ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಕಥೆ ಬರೆಯುವ ರೈಟರ್ ಅಲ್ಲ, ಆಳುಗಳ ಹಾಜರಿ, ಬಟವಾಡೆ ಲೆಕ್ಕ ಬರೆಯುವ ರೈಟರ್. ತೋಟದಲ್ಲಿ ಅವರಿಗೆ ಒಳ್ಳೆ ಹೆಸರು. ಸಾಹುಕಾರರ ಮುಂದೆ ದನಿ ಎತ್ತಿದವರಲ್ಲ, ಆಳುಗಳಿಗೂ ಬೈದವರಲ್ಲ. ಮಳೆಗಾಲದಲ್ಲಿ ಕೈಯಲ್ಲಿ ಮರದ ಹಿಡಿಯ ದೊಡ್ಡ ಕೊಡೆ ಇರುತ್ತಿತ್ತು. ಜಗಲಿ ಗೋಡೆಗೆ ಅದಕ್ಕೆ ಅಂತಲೇ ಒಂದು ಮೊಳೆ. ಸಂಜೆ ಬಂದವರು ಕೊಡೆ ಮಡಿಸಿ, ಎರಡು ಸಲ ಒದರಿ, ಮೊಳೆಗೆ ನೇತು ಹಾಕಿದರೆ ಅವತ್ತು ನಾವು ಬಚಾವ್. ಒದರದೆ ಮೂಲೆಗೆ ಎಸೆದರೆ ಮುಗಿಯಿತು. ಹಂಚಿನ ಮೇಲೆ ಮಳೆ ಎಷ್ಟೇ ಜೋರಾಗಿ ಸುರಿಯಲಿ, ನಾನು ಎಷ್ಟೇ ಗಟ್ಟಿಯಾಗಿ ಮಗ್ಗಿ ಹೇಳುತ್ತಿರಲಿ, ಹದಿನಾರರ ಮಗ್ಗಿಯ ನಡುವೆ ಆ ಕೊಡೆ ಬಿದ್ದ ಸದ್ದು ಮಾತ್ರ ತಪ್ಪದೆ ಕೇಳಿಸುತ್ತಿತ್ತು. ಆಮೇಲೆ ಕೊಟ್ಟಿಗೆಯ ಹಗ್ಗ. ಕಾರಣ ಏನು ಬೇಕಾದರೂ ಆಗಬಹುದಿತ್ತು. ಲಾಟೀನಿನ ಗಾಜು ಒರೆಸಿಲ್ಲ, ಕರು ಹಾಲು ಕುಡಿದುಬಿಟ್ಟಿದೆ, ಇಲ್ಲಾ ಸುಮ್ನೆ.

ಎಲ್ಲಾ ಮುಗಿದ ಮೇಲೆ ಅಮ್ಮ ಬಿಸಿ ಕೊಬ್ಬರಿ ಎಣ್ಣೆ ತಂದು ಬೆನ್ನಿಗೆ ಹಚ್ಚುತ್ತಿದ್ದಳು. ಹಚ್ಚುತ್ತಾ ಹಚ್ಚುತ್ತಾ ಹೇಳುವಳು: "ಪಾಪ ಕಣೋ, ಅವರಿಗೆ ಯಾರೂ ಇರಲಿಲ್ಲ. ಮೂರು ವರ್ಷಕ್ಕೇ ತಾಯಿ ಹೋದರು. ದೊಡ್ಡಪ್ಪನ ಮನೆ ಕೊಟ್ಟಿಗೇಲಿ ಮಲಗಿ ಬೆಳೆದವರು. ಒಂದು ಹೊತ್ತು ಊಟ ಇದ್ದರೆ ಎರಡು ಹೊತ್ತು ಏಟು." ಅಷ್ಟೂ ನಿಜವೇ. ಅಪ್ಪನ ಎಡಗಿವಿ ಸರಿಯಾಗಿ ಕೇಳುತ್ತಿರಲಿಲ್ಲ, ದೊಡ್ಡಪ್ಪ ಹೊಡೆದದ್ದೇ ಅದಕ್ಕೆ ಕಾರಣ ಅಂತ ಆಮೇಲೆ ತಿಳಿಯಿತು. ಆದರೆ ನನಗಾಗ ಒಂಬತ್ತು ವರ್ಷ. ಉರಿಯುತ್ತಿದ್ದದ್ದು ನನ್ನ ಬೆನ್ನು, ಅಳಬೇಕಾಗಿದ್ದದ್ದು ಅಪ್ಪನಿಗಾಗಿ. ಅಮ್ಮನನ್ನು ನಾನು ದೂರುವುದಿಲ್ಲ. ಅವಳ ಹತ್ತಿರ ಇದ್ದದ್ದು ಎರಡೇ ಔಷಧ, ಒಂದು ಎಣ್ಣೆ, ಇನ್ನೊಂದು ಈ ಕಥೆ.

ಇವತ್ತಿಗೂ ಯಾರಾದರೂ ಕೊಡೆಯನ್ನು ಮೂಲೆಗೆ ಎಸೆದರೆ ನನ್ನ ಭುಜ ತಾನಾಗಿ ಮೇಲೇರುತ್ತದೆ. ಅರವತ್ತು ದಾಟಿದೆ, ಅಪ್ಪ ಹೋಗಿ ಎಷ್ಟೋ ವರ್ಷವಾಯಿತು, ಆದರೂ. ಬಾಲ್ಯದ ನೋವು ಮೈಯೊಳಗೆ ಉಳಿಯುತ್ತದೆ ಅನ್ನುವುದು ಇದಕ್ಕೇ. ಅಪಾಯ ಬರುತ್ತಿದೆ ಅಂತ ಮೆದುಳು ದಿನಾ ಕಲಿತರೆ, ಅಮಿಗ್ಡಲಾ ಅನ್ನುವ ಅದರ ಒಂದು ಪುಟ್ಟ ಭಾಗ ಯೋಚನೆ ಶುರುವಾಗುವ ಮೊದಲೇ ಗಂಟೆ ಬಾರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಒತ್ತಡದ ಹಾರ್ಮೋನುಗಳು ಏರುತ್ತವೆ, ಕೈ ಬಿಗಿಯಾಗುತ್ತದೆ. ಹುಡುಗನಾಗಿದ್ದಾಗ ಆ ಗಂಟೆ ನನ್ನನ್ನು ಕಾಪಾಡಿತು. ಕೊಡೆ ಬಿದ್ದ ಕೂಡಲೇ ಹಿತ್ತಲ ಬಾಗಿಲಿನಿಂದ ಓಡಿದ ದಿನಗಳೂ ಇವೆ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಮನೆ ಬದಲಾದರೂ, ಊರು ಬದಲಾದರೂ, ಎದುರಿಗೆ ನಿಂತಿರುವುದು ಅಪ್ಪ ಅಲ್ಲ, ಬರೀ ಹೋಂವರ್ಕ್ ಮಾಡದ ಒಬ್ಬ ಹುಡುಗ ಅಂತ ಗೊತ್ತಿದ್ದರೂ ಬಾರಿಸುತ್ತದೆ.

ಗಣಿತದ ಮೇಷ್ಟ್ರು ತಾನೇ, ಇಷ್ಟಕ್ಕೇ ಸುಮ್ಮನಾಗಲಿಲ್ಲ. ಲೆಕ್ಕ ಹುಡುಕಿದೆ. 1995ರಿಂದ 1997ರವರೆಗೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಫೆಲಿಟ್ಟಿ ಮತ್ತು ಆಂಡಾ ಅನ್ನುವ ಇಬ್ಬರು ಡಾಕ್ಟರು 17,000ಕ್ಕೂ ಜಾಸ್ತಿ ಜನರನ್ನು ಬಾಲ್ಯದ ಬಗ್ಗೆ ಕೇಳಿದರು. ಮನೆಯಲ್ಲಿ ಹೊಡೆತ ಇತ್ತಾ, ಕುಡಿತ ಇತ್ತಾ, ತಾಯಿಗೆ ಹೊಡೆಯುತ್ತಿದ್ದರಾ, ಹೀಗೆ. 1998ರಲ್ಲಿ ಮೊದಲ ವರದಿ ಬಂತು. ಆಮೇಲೆ ಅಷ್ಟೂ ಜನರ ಲೆಕ್ಕ ಹಾಕಿದಾಗ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರಿಗೆ ಒಂದಾದರೂ ಇಂಥ ಅನುಭವ ಆಗಿತ್ತು. ಇಂಥವು ಹೆಚ್ಚಾದಷ್ಟೂ ಮುಂದೆ ಕುಡಿತ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ, ಹೃದ್ರೋಗ ಕೂಡ ಹೆಚ್ಚು. ಬಾಲ್ಯ ಏನೂ ಮಾಡಲ್ಲ, ಮರೆತು ಮುಂದೆ ಹೋಗಬೇಕು ಅನ್ನುವವರ ಬಾಯಿ ಮುಚ್ಚಿಸೋಕೆ ಇಷ್ಟು ಸಾಕು. ಆದರೆ ಅದೇ ಆಂಡಾ 2020ರಲ್ಲಿ ಬರೆದರು, ಇಂಥ ಅನುಭವಗಳನ್ನು ಎಣಿಸಿ ಕೊಡುವ ಅಂಕ ಇಟ್ಟುಕೊಂಡು ಒಬ್ಬೊಬ್ಬರ ಭವಿಷ್ಯ ಹೇಳಬೇಡಿ, ಇದು ಗುಂಪಿನ ಲೆಕ್ಕ, ಜಾತಕ ಅಲ್ಲ ಅನ್ನುವ ಅರ್ಥದಲ್ಲಿ.

ಇನ್ನೊಂದು ಲೆಕ್ಕ ನನಗೆ ಅದಕ್ಕಿಂತ ಇಷ್ಟ. 1989ರಲ್ಲಿ ಕ್ಯಾಥಿ ವಿಡಂ ಅನ್ನುವ ಸಂಶೋಧಕಿ ಪ್ರಕಟಿಸಿದ್ದು. ಬಾಲ್ಯದಲ್ಲಿ ಹಿಂಸೆ ಅಥವಾ ನಿರ್ಲಕ್ಷ್ಯಕ್ಕೆ ಒಳಗಾದವರು ಅಂತ ಕೋರ್ಟ್ ದಾಖಲೆಯಲ್ಲೇ ಇದ್ದ 908 ಮಕ್ಕಳು. ಅದೇ ವಯಸ್ಸಿನ, ಅದೇ ಥರದ ಮನೆಗಳ, ಆದರೆ ಅಂಥ ದಾಖಲೆ ಇಲ್ಲದ 667 ಮಕ್ಕಳು. ಹದಿಹರೆಯದಲ್ಲಿ ಅಪರಾಧ ಮಾಡಿ ಪೊಲೀಸರ ಕೈಗೆ ಸಿಕ್ಕವರು ಮೊದಲ ಗುಂಪಿನಲ್ಲಿ ನೂರಕ್ಕೆ 26, ಎರಡನೆಯದರಲ್ಲಿ 17. ಈಗ ಬೋರ್ಡ್ ಮೇಲೆ ಬರೆಯಿರಿ. 26 ಅನ್ನುವುದು 17ಕ್ಕಿಂತ ಜಾಸ್ತಿ, ಸಣ್ಣ ವ್ಯತ್ಯಾಸ ಅಲ್ಲ. ಅಂದರೆ ಏಟು ಬಿತ್ತಿದ್ದು ಬೆಳೆಯುತ್ತದೆ. ಆದರೆ ನೂರರಲ್ಲಿ 26 ಕಳೆದರೆ 74. ಅಷ್ಟು ಮಕ್ಕಳು ಅದೇ ನರಕದಿಂದ ಬಂದೂ ಸಿಕ್ಕಿಬೀಳಲಿಲ್ಲ. ಈ 74 ಜನರನ್ನು ಕರೆದು, ನಿಮ್ಮ ಬಾಲ್ಯ ನೋಡಿದರೆ ನೀವು ಹಾಗೇ ಆಗಬೇಕಿತ್ತಲ್ಲ ಅಂತ ಕೇಳೋಕಾಗುತ್ತಾ?

ಹಾಗಂತ 74 ಅಂತ ಹೇಳಿ ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ನಮ್ಮಪ್ಪನೂ ಯಾವತ್ತೂ ಪೊಲೀಸರ ಕೈಗೆ ಸಿಕ್ಕವರಲ್ಲ. ಯಾವ ಲೆಕ್ಕದಲ್ಲಿ ನೋಡಿದರೂ ಅವರು ಒಳ್ಳೆಯವರ ಪಟ್ಟಿಯಲ್ಲೇ ಇರುತ್ತಾರೆ.

ನಮ್ಮ ದೇಶದ್ದೂ ಒಂದು ಲೆಕ್ಕ ಇದೆ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ತಂದಿತು. ಮೂವರಲ್ಲಿ ಇಬ್ಬರು ಮಕ್ಕಳು ಹೊಡೆತ ತಿಂದವರು. ಬಾಲ್ಯದಲ್ಲಿ ಏಟು ಬಿದ್ದಿದ್ದರೆ ಮಾಫಿ ಅಂತ ಕಾನೂನು ಮಾಡಿದರೆ ದೇಶದಲ್ಲಿ ತಪ್ಪಿಗೆ ಹೊಣೆ ಹೊರೋಕೆ ಮೂರನೇ ಒಂದು ಭಾಗ ಜನ ಮಾತ್ರ ಉಳಿಯುತ್ತಾರೆ.

ಇಲ್ಲಿ ಒಂದು ಮಾತು. "ಅದೇ ಮನೆಯಲ್ಲಿ ಬೆಳೆದ ನಿಮ್ಮ ಅಣ್ಣ ಸರಿಯಾಗಿಲ್ವಾ? ನಿನಗೇನು ಬಂತು?" ಅನ್ನುವವರಿದ್ದಾರೆ. ನನಗೆ ಇದು ಕೇಳಿದರೇ ಸಿಟ್ಟು ಬರುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳು ಬೆಳೆಯುವುದಿಲ್ಲ. ನಮ್ಮಣ್ಣ ಹತ್ತು ವರ್ಷಕ್ಕೇ ಹಾಸನದ ಹಾಸ್ಟೆಲ್ಲಿಗೆ ಹೋದ, ಕೊಡೆ ಸದ್ದು ಅವನಿಗೆ ರಜೆಯಲ್ಲಿ ಮಾತ್ರ. ತಂಗಿಗೆ ಅಪ್ಪ ಒಂದು ಏಟೂ ಹಾಕಲಿಲ್ಲ. ಆದರೆ ಬಾಗಿಲ ಸಂದಿಯಿಂದ ಎಲ್ಲಾ ನೋಡಿದವಳು ಅವಳೇ. ಅವಳು ಯಾರಿಗೂ ಹೊಡೆಯಲಿಲ್ಲ, ಯಾರಿಗೂ ಇಲ್ಲ ಅನ್ನೋಕೂ ಕಲಿಯಲಿಲ್ಲ. ಗಂಡ, ಅತ್ತೆ, ಮಕ್ಕಳು, ಚೀಟಿ ಕಟ್ಟಿಸಿಕೊಳ್ಳುವವಳು, ಯಾರು ಏನು ಕೇಳಿದರೂ ಹೂಂ. ಏಟು ಹೊರಕ್ಕೆ ಬಂದವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ತಂಗಿಯ ಥರ ಒಳಕ್ಕೆ ಹೋದವರ ಬಗ್ಗೆ ಯಾರೂ ಕೇಳುವುದಿಲ್ಲ, ಅವರಿಂದ ಯಾರಿಗೂ ತೊಂದರೆ ಇಲ್ಲ ನೋಡಿ.

ಇನ್ನು ನನ್ನ ವಿಷಯ. ನನಗೆ ಏಳನೇ ಕ್ಲಾಸಿನಲ್ಲಿ ಗಣಿತಕ್ಕೆ ಒಬ್ಬ ಮೇಷ್ಟ್ರಿದ್ದರು. ಕೈಯಲ್ಲಿ ಸೀಮೆಸುಣ್ಣ ಬಿಟ್ಟು ಬೇರೇನೂ ಹಿಡಿದವರಲ್ಲ. ಲೆಕ್ಕ ತಪ್ಪಿದರೆ ನನ್ನ ಪಕ್ಕ ಬೆಂಚಿನಲ್ಲಿ ಕೂತು, "ಎಲ್ಲಿ ಜಾರಿದೆ ನೋಡೋಣ" ಅನ್ನುತ್ತಿದ್ದರು. ಸ್ಲೇಟಿನ ಮೇಲೆ ಅವರ ಬೆರಳು ನಿಧಾನವಾಗಿ ಹೋಗುವುದನ್ನು ನೋಡುತ್ತಿದ್ದರೆ ಎದೆ ತಣ್ಣಗಾಗುತ್ತಿತ್ತು. ಹವಾಯಿಯ ಕವಾಯಿ ಅನ್ನುವ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಅನ್ನುವವರು ನಲವತ್ತು ವರ್ಷದವರೆಗೆ ಹಿಂಬಾಲಿಸಿ ನೋಡಿದ್ದಾರೆ. ಬಡತನ, ಜಗಳ, ಕುಡಿತದ ಮನೆಗಳಿಂದ ಬಂದ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲು ಗಟ್ಟಿಯಾಗಿ, ಪ್ರೀತಿಯಿಂದ ಬಾಳುವವರಾಗಿ ಬೆಳೆದರು. ಅವರಲ್ಲಿ ಬಹಳ ಜನರ ಬದುಕಿನಲ್ಲಿ ಒಬ್ಬರಾದರೂ ನಂಬಬಹುದಾದ ದೊಡ್ಡವರಿದ್ದರಂತೆ. ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ. ನನಗೆ ಆ ಮೇಷ್ಟ್ರು. ಅವರಿಂದಲೇ ನಾನು ಗಣಿತ ಮೇಷ್ಟ್ರಾದೆ.

ಆದರೂ ಹುಣಸೆ ಬರಲು ಹಿಡಿದೆ. ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಅಪ್ಪನ ಹಗ್ಗ ಮಾತ್ರ ನೋಡಿ ಬೆಳೆದಿದ್ದರೆ ನನಗೆ ಬೇರೆ ದಾರಿ ಗೊತ್ತಿರಲಿಲ್ಲ ಅನ್ನಬಹುದಿತ್ತು. ನನಗೆ ಎರಡೂ ಗೊತ್ತಿತ್ತು.

1994ರ ಆಗಸ್ಟ್. ಹಾಸನದ ಸುತ್ತ ಆಲೂಗಡ್ಡೆ ಕೀಳುವ ಕಾಲ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಮೂರು ದಿನ ಬಂದಿರಲಿಲ್ಲ. ನಾಲ್ಕನೇ ದಿನ ಬಂದ, ಹೋಂವರ್ಕ್ ಇಲ್ಲ. ಕೈ ಚಾಚು ಅಂದೆ. ಚಾಚಿದ. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು, ಅಂಗೈಯಲ್ಲಿ ಗುದ್ದಲಿಯ ಬೊಬ್ಬೆ ಒಡೆದು ನೀರು ಒಸರುತ್ತಿತ್ತು. ನಾನು ಅದನ್ನು ನೋಡಿದೆ, ನೋಡಿಯೂ ಹೊಡೆದೆ. ಎರಡನೇ ಏಟಿಗೆ ಬೇರೆ ಹುಡುಗರಾದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಇವನು ಎಳೆದುಕೊಳ್ಳಲಿಲ್ಲ. ಕೈಯನ್ನೂ ನೋಡಲಿಲ್ಲ, ಬರಲನ್ನೂ ನೋಡಲಿಲ್ಲ. ನನ್ನ ಮುಖ ನೋಡುತ್ತಿದ್ದ. ಇನ್ನೆಷ್ಟು ಬಾಕಿ ಇದೆ, ಸಿಟ್ಟು ಇಳಿಯಿತಾ ಇಲ್ವಾ, ಅಂತ ಓದುತ್ತಿದ್ದ. ಆ ನೋಟ ನನಗೆ ಗೊತ್ತಿತ್ತು. ನಾನು ಜಗಲಿ ಕಡೆ ಕಿವಿ ಇಟ್ಟು ಕೂರುತ್ತಿದ್ದದ್ದು ಹಾಗೆಯೇ.

ಇಲ್ಲಿಗೆ ನಾನು ಬರಲು ಮುರಿದು ಎಸೆದೆ ಅಂತ ಬರೆದರೆ ಓದೋಕೆ ಚೆನ್ನಾಗಿರುತ್ತದೆ. ಎಸೆಯಲಿಲ್ಲ. ಮೂರನೇ ಏಟೂ ಹಾಕಿದೆ. ನಾನು ಹೊಡೆಯುವುದು ನಿಲ್ಲಿಸಿದ್ದು 2010ರಲ್ಲಿ, ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ. 2009ರ ಆ ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ, ಮೀರಿದರೆ ಶಿಸ್ತು ಕ್ರಮ. ಸರ್ಕಾರಿ ನೌಕರ ನಾನು, ಪೆನ್ಷನ್ ನೆನಪಾಯಿತು, ಕೈ ತಾನಾಗಿ ಕೆಳಗಿಳಿಯಿತು. ಮನಸ್ಸು ಬದಲಾದದ್ದು ಆಮೇಲೆ, ನಿಧಾನಕ್ಕೆ.

ಒಂದು ಸುತ್ತೋಲೆಗೆ ನಿಲ್ಲುವ ಕೈ ಅಂದರೆ ಅದು ಮೊದಲೂ ನನ್ನ ಹಿಡಿತದಲ್ಲೇ ಇತ್ತು, ಅಲ್ವಾ? ಮಕ್ಕಳಿಗೆ ಹೊಡೆಯುತ್ತಿದ್ದ ಆ ಇಪ್ಪತ್ತಮೂರು ವರ್ಷ ನಾನು ಎಷ್ಟು ಸಲ ಹೆಡ್ ಮಾಸ್ಟರ ಮೇಲೆ ಉರಿದಿಲ್ಲ? ಇನ್‌ಸ್ಪೆಕ್ಷನ್‌ಗೆ ಬಂದ ಸಾಹೇಬರು ಮಕ್ಕಳ ಮುಂದೆಯೇ ಅವಮಾನ ಮಾಡಿದಾಗ ಎದೆಯೊಳಗೆ ಅದೇ ಗಂಟೆ ಬಾರಿಸಿತ್ತು, ಕೈ ಬಿಗಿಯಾಗಿತ್ತು. ಅವರ ಕೆನ್ನೆಗೆ ನಾನು ಹೊಡೆಯಲಿಲ್ಲ. ಅಪ್ಪ ಸಾಹುಕಾರರಿಗೆ ಹೊಡೆಯಲಿಲ್ಲ. ಬಾಲ್ಯದ ನೋವಿಗೆ ಕಣ್ಣಿರುವುದಿಲ್ಲ ಅನ್ನುತ್ತಾರೆ. ನಮ್ಮಿಬ್ಬರ ನೋವಿಗಂತೂ ಯಾರಿಗೆ ಹೊಡೆದರೆ ತಿರುಗಿ ಹೊಡೆಯಲ್ಲ ಅನ್ನುವುದು ಚೆನ್ನಾಗಿ ಕಾಣುತ್ತಿತ್ತು. ಎಲ್ಲರದ್ದೂ ಹೀಗೇ ಅನ್ನುವುದಿಲ್ಲ. ನಿದ್ದೆಯಲ್ಲಿ ಬೆಚ್ಚಿ ಕೈ ಬೀಸುವವರಿದ್ದಾರೆ, ಏನು ಮಾಡಿದೆ ಅಂತ ನಿಜವಾಗಲೂ ನೆನಪಿಲ್ಲದವರಿದ್ದಾರೆ. ಅವರಿಗೆ ಡಾಕ್ಟರು ಬೇಕು, ನನ್ನ ಉಪದೇಶ ಬೇಡ. ಆದರೆ ನನ್ನನ್ನು ಪ್ರಶ್ನೆ ಕೇಳುವವರ ಮನೆಗಳಲ್ಲಿ ನಾನು ಕಂಡದ್ದು ಹೆಚ್ಚಾಗಿ ಮೊದಲನೇ ಥರದ್ದು. ಆಫೀಸಿನಲ್ಲಿ ದೇವರಂಥ ಮನುಷ್ಯ, ಮನೆ ಬಾಗಿಲು ದಾಟಿದ ಕೂಡಲೇ ಬೇರೆ.

"ಸರ್, ನಿಮ್ಮ ಏಟಿನಿಂದಲೇ ನಾವು ಉದ್ಧಾರ ಆದದ್ದು" ಅಂತ ಹೇಳುವ ವಿದ್ಯಾರ್ಥಿಗಳು ನನಗೆ ತಿಂಗಳಿಗೆ ಒಬ್ಬರಾದರೂ ಸಿಗುತ್ತಾರೆ. ಕಾಲಿಗೆ ಬೀಳುತ್ತಾರೆ. ಮೊದಲೆಲ್ಲ ಖುಷಿಯಾಗುತ್ತಿತ್ತು. ಆಮೇಲೆ ಹೊಳೆಯಿತು, ನನ್ನ ಹತ್ತಿರ ಬರುವವರು ಬರಬೇಕು ಅನಿಸಿದವರು ಮಾತ್ರ. ಉಳಿದವರು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಾರೆ. ಅವರ ಲೆಕ್ಕ ಇಟ್ಟವರು ಯಾರು?

ಆ ಆಲೂಗಡ್ಡೆ ಹುಡುಗ ಸಿಕ್ಕಿದ್ದು 2016ರಲ್ಲಿ, ಹಾಸನದ ಬಸ್ ಸ್ಟ್ಯಾಂಡಿನಲ್ಲಿ. ನಾನೇ ಗುರುತು ಹಿಡಿದೆ. ಅರಕಲಗೂಡು ಬಸ್ಸಿಗೆ ಕಾಯುತ್ತಿದ್ದ, ಪಕ್ಕದಲ್ಲಿ ಏಳೆಂಟು ವರ್ಷದ ಮಗಳು, ಕೈಯಲ್ಲಿ ಕಳ್ಳೇಪುರಿ ಪೊಟ್ಟಣ. ನಮಸ್ಕಾರ ಅಂದ, ನಗಲಿಲ್ಲ, ಮುಖ ಗಂಟೂ ಹಾಕಲಿಲ್ಲ. ನಾನು ಹೇಳಬೇಕು ಅಂತ ಎಷ್ಟೋ ದಿನದಿಂದ ಇಟ್ಟುಕೊಂಡಿದ್ದ ಮಾತು ಶುರು ಮಾಡಿದೆ. ಅವತ್ತು ನಿನ್ನ ಕೈಗೆ ಹೊಡೆದೆ, ತಪ್ಪಾಯಿತು ಅಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನಮ್ಮಪ್ಪನೂ ನನಗೆ ಹೀಗೇ ಹೊಡೆಯುತ್ತಿದ್ದರು, ಕೊಟ್ಟಿಗೆ ಹಗ್ಗದಲ್ಲಿ, ನಾನು ಬೆಳೆದದ್ದೇ ಹಾಗೆ, ನನಗೆ ಆಗ ಗೊತ್ತಾಗುತ್ತಿರಲಿಲ್ಲ, ಅಂತ ಕೊಡೆ, ಮೊಳೆ, ಮಳೆ ಎಲ್ಲಾ ಹೇಳಿದೆ. ಹೇಳುತ್ತಾ ನನಗೇ ಕಣ್ಣೀರು ಬಂತು. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ: "ಸರ್, ಇದನ್ನ ನನಗ್ಯಾಕೆ ಹೇಳ್ತಿದ್ದೀರಾ?"

ಸಿಟ್ಟಿನಿಂದ ಕೇಳಿದ್ದಲ್ಲ. ಅವನಿಗೆ ನಿಜವಾಗಲೂ ಅರ್ಥವಾಗಿರಲಿಲ್ಲ. ಬಸ್ ಬಂತು. ಮಗಳನ್ನು ಎತ್ತಿಕೊಂಡು ಹತ್ತಿ, ಕಿಟಕಿ ಸೀಟು ಹಿಡಿದು, ಆ ಕಡೆಗೆ ತಿರುಗಿ ಕೂತ.

ನನ್ನ ಉತ್ತರದ ಇನ್ನರ್ಧ ಅವನ ಆ ಪ್ರಶ್ನೆಯೊಳಗೇ ಇದೆ. ಬಾಲ್ಯದ ಕಥೆ ನಿಜವೋ ಸುಳ್ಳೋ, ದೊಡ್ಡದೋ ಸಣ್ಣದೋ ಅಂತ ನಾವು ಜಗಳ ಆಡುತ್ತೇವೆ. ಅದನ್ನು ಯಾರ ತಲೆ ಮೇಲೆ ಇಡುತ್ತಿದ್ದೇವೆ ಅಂತ ನೋಡುವುದಿಲ್ಲ. ಅಪ್ಪನ ಕಥೆಯನ್ನು ಅಪ್ಪ ಹೊರಬೇಕಿತ್ತು. ಅಮ್ಮ ಅದನ್ನು ಎಣ್ಣೆ ಜೊತೆ ನನ್ನ ಬೆನ್ನಿಗೆ ಹಚ್ಚಿದಳು. ನಾನು ನನ್ನ ಕಥೆಯನ್ನು ಆ ಬಸ್ ಸ್ಟ್ಯಾಂಡಿನಲ್ಲಿ, ಅವತ್ತು ಬೊಬ್ಬೆ ಒಡೆದಿದ್ದ ಅದೇ ಕೈಗೆ ಕೊಡೋಕೆ ಹೋದೆ. ಇದೇ ಕಥೆಯನ್ನು ನಾನು 1994ರಲ್ಲಿ ಒಬ್ಬ ಡಾಕ್ಟರಿಗೆ, ಸ್ನೇಹಿತನಿಗೆ, ಕೊನೆಗೆ ಹೆಂಡತಿಗಾದರೂ ಹೇಳಿದ್ದರೆ ಅದರಿಂದ ಏನಾದರೂ ಪ್ರಯೋಜನ ಆಗುತ್ತಿತ್ತು. ಆಗ ಅದು ಕಾರಣ ಆಗುತ್ತಿತ್ತು, ಕಾರಣ ಗೊತ್ತಾದರೆ ಮದ್ದು ಹುಡುಕಬಹುದು. ಏಟು ತಿಂದವನ ಮುಂದೆ ಹೇಳಿದ ಕೂಡಲೇ ಅದೇ ಕಥೆ ನೆಪ ಆಯಿತು. ಒಂದು ಅಕ್ಷರವೂ ಬದಲಾಗಲಿಲ್ಲ ನೋಡಿ.

ಹಾಸನಾಂಬ ಕಲಾಕ್ಷೇತ್ರದಲ್ಲಿ ಕುರುಕ್ಷೇತ್ರ ನಾಟಕ ಆದಾಗೆಲ್ಲ ಕರ್ಣನಿಗೆ ಬೀಳುವಷ್ಟು ಶಿಳ್ಳೆ ಇನ್ಯಾರಿಗೂ ಬೀಳುವುದಿಲ್ಲ. ನಾನೂ ಹೊಡೆದಿದ್ದೇನೆ. ಹೆತ್ತ ತಾಯಿಯೇ ನೀರಿಗೆ ಬಿಟ್ಟ ಮಗು, ಸೂತಪುತ್ರ ಅಂತ ತುಂಬಿದ ಸಭೆಯಲ್ಲಿ ಆಡಿಸಿಕೊಂಡವನು. ಅಳು ಬರುತ್ತದೆ. ಆದರೆ ಅದೇ ಕರ್ಣ ಇನ್ನೊಂದು ಸಭೆಯಲ್ಲಿ ದ್ರೌಪದಿಗೆ ಆಡಿದ ಮಾತನ್ನು ಯಾರೂ ನೆನೆಸುವುದಿಲ್ಲ. ಅವನನ್ನು ನೀರಿಗೆ ಬಿಟ್ಟವಳು ದ್ರೌಪದಿಯಾ?

ನಮ್ಮ ಮನೆಗಳಿಗಿಂತ ಕೋರ್ಟು ಇದನ್ನು ಚೆನ್ನಾಗಿ ಬಿಡಿಸಿಟ್ಟಿದೆ ಅಂತ ನನಗೆ ಅನಿಸುತ್ತದೆ. ತಪ್ಪು ಮಾಡಿದನಾ ಅನ್ನುವುದು ಒಂದು ಪ್ರಶ್ನೆ. ತಾನು ಏನು ಮಾಡುತ್ತಿದ್ದೇನೆ ಅನ್ನುವುದೋ, ಅದು ತಪ್ಪು ಅನ್ನುವುದೋ ತಿಳಿಯದಷ್ಟು ಬುದ್ಧಿ ಕೆಟ್ಟಿದ್ದರೆ ಕಾನೂನು ಬಿಡುತ್ತದೆ. ಮೊದಲು ಐಪಿಸಿ 84ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್. ಬಾಲ್ಯದ ಕಷ್ಟ ಅದರಲ್ಲಿ ಬರುವುದಿಲ್ಲ. ತಪ್ಪು ಸಾಬೀತಾದ ಮೇಲೆ ಶಿಕ್ಷೆ ಎಷ್ಟು ಅನ್ನುವುದು ಇನ್ನೊಂದು ಪ್ರಶ್ನೆ. ಬಾಲ್ಯಕ್ಕೆ ಅಲ್ಲಿ ಬಾಗಿಲು ತೆಗೆಯುತ್ತದೆ. ಗಲ್ಲು ಶಿಕ್ಷೆಗೆ ಮೊದಲು ಅಪರಾಧವನ್ನಷ್ಟೇ ಅಲ್ಲ, ಅಪರಾಧಿಯನ್ನೂ ನೋಡಿ ಅಂತ ಸುಪ್ರೀಂ ಕೋರ್ಟು 1980ರಲ್ಲಿ ಬಚನ್ ಸಿಂಗ್ ಕೇಸಿನಲ್ಲಿ ಹೇಳಿತು. 2022ರಲ್ಲಿ ಮನೋಜ್ ಕೇಸಿನಲ್ಲಿ ಇನ್ನೂ ಬಿಡಿಸಿ, ಅವನು ಬೆಳೆದ ಮನೆ, ಬಾಲ್ಯ ಎಲ್ಲದರ ಮಾಹಿತಿ ತರಿಸಿ ಅಂದಿತು. ಎರಡು ಪ್ರಶ್ನೆ, ಎರಡು ಹೊತ್ತು. ನಾವು ಮನೆಯಲ್ಲಿ ಎರಡನ್ನೂ ಒಂದೇ ತಟ್ಟೆಯಲ್ಲಿ ಕಲಸಿ ಸೊಸೆ ಮುಂದೆ ಇಡುತ್ತೇವೆ.

ಆ ಸೊಸೆಗೆ ನಾನು ಹೇಳಿದ್ದು: ತಡ್ಕೋಬೇಕಾಗಿಲ್ಲ. ಅವನ ಬಗ್ಗೆ ನಿನಗೆ ಮರುಕ ಇರಬಹುದು, ಇರಲಿ, ಅದನ್ನು ತವರುಮನೆಯಲ್ಲಿ ಕೂತೂ ಇಟ್ಟುಕೊಳ್ಳಬಹುದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ರಕ್ಷಣೆ ಕೇಳಿದರೆ ಗಂಡನ ಬಾಲ್ಯ ಹೇಗಿತ್ತು ಅಂತ ನೀನು ಹೇಳಬೇಕಾಗಿಲ್ಲ. 181ಕ್ಕೆ ಫೋನ್ ಮಾಡಿದರೆ ಮುಂದಿನ ದಾರಿ ಹೇಳುತ್ತಾರೆ. ಆ ತಾಯಿಗೆ ಹೇಳಿದ್ದು ಅವರಿಗೆ ಇಷ್ಟವಾಗಲಿಲ್ಲ. ಮಗನ ಬಾಲ್ಯದ ಬಗ್ಗೆ ನಿಮಗೆ ಇಷ್ಟು ಗೊತ್ತಿದ್ದರೆ ಅದನ್ನು ಮಗನಿಗೆ ಹೇಳಿ, ಸೊಸೆಗೆ ಬೇಡ ಅಂದೆ. ಫೋನ್ ಇಟ್ಟರು.

ಸಾಫ್ಟ್‌ವೇರ್ ಹುಡುಗನ ಜೊತೆ ಮಾತ್ರ ಮತ್ತೆ ಒಳಗೆ ಬಂದು ಒಂದು ಗಂಟೆ ಕೂತೆ. ಚಪ್ಪಲಿ ಬಿಚ್ಚಿಸಿದೆ. ಹೊಡೆದವನೇ ಬಂದು ಕೇಳಿದ್ದು ಅವತ್ತೇ ಮೊದಲು. ಹೊಡೆಯುವ ಮೊದಲಿನ ಅರ್ಧ ನಿಮಿಷ ಮೈಯಲ್ಲಿ ಏನಾಗುತ್ತದೆ ಅಂತ ಕೇಳಿದೆ. ಕಿವಿ ಬಿಸಿಯಾಗುತ್ತದೆ ಅಂದ. ಹಾಗಾದರೆ ಕಿವಿ ಬಿಸಿಯಾದ ಕೂಡಲೇ ಮಗುವನ್ನು ಹೆಂಡತಿ ಕೈಗೆ ಕೊಟ್ಟು ಮಹಡಿ ಮೇಲೆ ಹೋಗು, ತಪ್ಪು ಯಾರದು ಅಂತ ಆಮೇಲೆ ನೋಡೋಣ ಅಂದೆ. 14416 ನಂಬರ್ ಬರೆದುಕೊಟ್ಟೆ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನ್ನ ಬಾಲ್ಯದ ಬಗ್ಗೆ ಮಗಳಿಗೆ ಯಾವಾಗ ಹೇಳಲಿ ಸರ್ ಅಂತ ಕೇಳಿದ. ಅವಳಾಗಿಯೇ ಕೇಳಿದಾಗ ಅಂದೆ. ಕೇಳದಿದ್ದರೆ ಬೇಡ.

ಇಷ್ಟೆಲ್ಲಾ ಬುದ್ಧಿ ಹೇಳುವ ನನಗೆ ಇದು ಬಸ್ ಸ್ಟ್ಯಾಂಡಿಗಿಂತ ಎಷ್ಟೋ ಮೊದಲೇ ಗೊತ್ತಾಗಬೇಕಿತ್ತು. 2002ರಲ್ಲಿ ನನ್ನ ಮನೆಯ ಹಾಲಿನಲ್ಲೇ ಅದನ್ನು ಕಣ್ಣಾರೆ ನೋಡಿದ್ದೆ. ನೋಡಿಯೂ ಅದಾದ ಮೇಲೆ ಎಂಟು ವರ್ಷ ನನ್ನ ಬರಲು ಸ್ಕೂಲಿನ ಮೇಜಿನ ಮೇಲೇ ಇತ್ತು.

ಅಪ್ಪ ತೋಟದ ಕೆಲಸ ಬಿಟ್ಟು, ಅಮ್ಮನ ಜೊತೆ ಹಾಸನಕ್ಕೆ ನಮ್ಮ ಮನೆಗೆ ಬಂದಿದ್ದರು. ನನ್ನ ಮಗನಿಗೆ ಆಗ ಒಂಬತ್ತು. ಹಾಲಿನಲ್ಲಿ ಚೆಂಡಾಡುತ್ತಾ ಅಪ್ಪನ ಕನ್ನಡಕ ಒಡೆದ. ನಾನು ಪೇಪರ್ ಬಿಸಾಕಿ ಎದ್ದೆ, ಕೈ ಎತ್ತಿದೆ. ಅಪ್ಪ ಕುರ್ಚಿಯಿಂದ ಏಳದೆ, "ಹೊಡೀಬೇಡ" ಅಂದರು. ನನಗೆ ಎಲ್ಲಿತ್ತೋ ಸಿಟ್ಟು. "ನೀವು ಕೊಟ್ಟಿಗೆ ಹಗ್ಗದಲ್ಲಿ ಹೊಡೀತಿದ್ದಿರಲ್ಲ ನನಗೆ?" ಅಂದೆ. ಮೂವತ್ತು ವರ್ಷದಲ್ಲಿ ನಮ್ಮಿಬ್ಬರ ನಡುವೆ ಆ ಹಗ್ಗದ ಮಾತು ಬಂದದ್ದು ಅವತ್ತೇ ಮೊದಲು. ಕನ್ನಡಕ ಇಲ್ಲದ ಕಣ್ಣಿನಲ್ಲಿ ಅಪ್ಪ ನಾನು ನಿಂತ ಕಡೆ ನೋಡಿದರು.

"ಹೌದು. ಹೊಡೀತಿದ್ದೆ."

ಅಷ್ಟರಲ್ಲಿ ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. "ಪಾಪ ಕಣೋ, ಅವರಿಗೆ ಚಿಕ್ಕೋರಿದ್ದಾಗ ಯಾರೂ..."

"ನೀನು ಸುಮ್ನಿರೇ" ಅಂದರು ಅಪ್ಪ.

ಅಮ್ಮ ಒಳಗೆ ಹೋದಳು. ಮಗ ನೆಲದ ಮೇಲೆ ಕೂತು ಗಾಜಿನ ಚೂರು ಆರಿಸುತ್ತಿದ್ದ. ಕನ್ನಡಕದ ಒಂದು ಕಡ್ಡಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಸಂಜೆ ಕಸ ಗುಡಿಸುವಾಗ ಸೋಫಾ ಕೆಳಗಿತ್ತು.